ಅರಮನೆ ಉಳಿಯಿತು, ಹೆಂಚಿನ ಮನೆ?

ಜಿಲ್ಲಾಧಿಕಾರಿ ಕಚೇರಿ ನಮ್ಮ ಸಿದ್ಧಾರ್ಥನಗರದ ಹೊಸ ಕಟ್ಟಡಕ್ಕೆ ಬಂದಾಗ, ತೆರವಾದ ಹಳೆಯ ಪಾರಂಪರಿಕ ಕಟ್ಟಡವನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಏಳಲೇಬೇಕಾದ ಪ್ರಶ್ನೆ. ಆದರೆ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲಿನಲ್ಲಿ ಹೆಂಚಿನ ಮನೆಯೊಂದು ನೆಲಸಮವಾದರೆ ಅಂಥ ಚರ್ಚೆ ನಡೆಯುವುದು ಅಪರೂಪ.

ಈ ಬಡಾವಣೆಗಳ ಹಿಂದೆ ಪ್ಲೇಗಿನ ಕಥೆಯಿದೆ. 19ನೇ ಶತಮಾನದ ಕೊನೆಗೆ ಆ ರೋಗ ಮೈಸೂರಿನ ಇಕ್ಕಟ್ಟಾದ ಕೇರಿಗಳನ್ನು ಕಾಡಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ರಚನೆಯಾಯಿತು. ಹೊಸ ಬಡಾವಣೆಗಳಿಗೆ ನೇರ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಬಂದವು. ಜಗುಲಿ, ಎತ್ತರದ ಸೂರು, ಗಾರೆಯ ದಪ್ಪ ಗೋಡೆ, ಮಂಗಳೂರು ಹೆಂಚು: ಇವೆಲ್ಲ ಬರೀ ಅಂದವಲ್ಲ, ಗಾಳಿ ಬೆಳಕಿನ ಲೆಕ್ಕಾಚಾರ. ಏಪ್ರಿಲ್ ಬಿಸಿಲಲ್ಲಿ ಇಂಥ ಮನೆಯೊಳಗೆ ಕಾಲಿಟ್ಟವರಿಗೆ ಅದು ಗೊತ್ತು.

ಹಾಗೆಂದು ಮನೆ ಮಾರುವವರನ್ನು ದೂರುವುದು ಸುಲಭ, ಸರಿಯಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರು ಸಿಗುವುದಿಲ್ಲ. ತೊಲೆಗೆ ಗೆದ್ದಲು, ಆಸ್ತಿಗೆ ನಾಲ್ಕು ಪಾಲು. ದುರಸ್ತಿಯನ್ನು ಮುಂದೂಡುವುದೂ ಅಪಾಯವೇ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಪ್ರಾಣ ಬಿಟ್ಟರು.

ಉಳಿಸಲು ಸಾಧ್ಯ ಎಂಬುದಕ್ಕೂ ಮೈಸೂರಿನಲ್ಲೇ ಸಾಕ್ಷಿಯಿದೆ. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಲಾಗಿತ್ತು. ವಿರೋಧ ಬಂದು ಕೆಲಸ ನಿಂತಿತು. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಆ ಮನೆಗೆ ದೊಡ್ಡ ಹೆಸರಿತ್ತು. ಗುಮಾಸ್ತರು, ಮೇಷ್ಟ್ರುಗಳು ಕಟ್ಟಿಸಿದ ಮನೆಗಳಿಗೆ ಆ ಬಲವಿಲ್ಲ.

ಅಂಥ ಮನೆಗಳಿಗೆ ಬೇಕಾದದ್ದು ಹಣದ ದಾರಿ. 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಹಮದಾಬಾದಿನಲ್ಲಿ, ಪಾರಂಪರಿಕ ಮನೆಯ ಮಾಲೀಕರು ತಾವು ಬಳಸದ ಕಟ್ಟಡದ ಹಕ್ಕನ್ನು ಬೇರೆಯವರಿಗೆ ಮಾರಿ, ಆ ಹಣವನ್ನು ದುರಸ್ತಿಗೆ ಹಾಕಬಹುದು. ಮೈಸೂರಿನ ಮನೆಗಳಿಗೂ ಇಂಥ ನೆರವು ನಿಜವಾಗಿ ಕೈಸೇರಬೇಕು.

ಎರಡನೆಯದು ಕೆಲಸ ಬಲ್ಲ ಕೈಗಳು. ಗಾರೆ ಅರೆಯುವುದು, ತೊಲೆ ಬದಲಿಸುವುದು, ಹೆಂಚು ಹೊದಿಸುವುದು ಹಿರಿಯ ಮೇಸ್ತ್ರಿಗಳ ಜೊತೆಗೇ ಹೋಗುತ್ತಿದೆ. ಇದನ್ನು ಐಟಿಐಗಳಲ್ಲಿ ಕಲಿಸಿದರೆ ಮನೆಯೂ ಉಳಿದೀತು, ನಮ್ಮಂಥವರಿಗೆ ಊರಲ್ಲೇ ದುಡಿಮೆಯೂ ಸಿಕ್ಕೀತು.

ಪರಂಪರೆಯನ್ನು ಕಾಪಾಡುವುದು ಮೂಲಭೂತ ಕರ್ತವ್ಯ, ವಿಧಿ 51ಎ(ಎಫ್) ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಆ ಉತ್ತರಕ್ಕೆ ಒಂದು ಅಂಕ ಸಿಗುತ್ತದೆ. ಸೋರುವ ಸೂರಿನ ಮನೆಯವರಿಗೆ ಬೇಕಿರುವುದು ಒಬ್ಬ ಮೇಸ್ತ್ರಿ, ಒಂದಿಷ್ಟು ಹಣ.