ಎಪ್ಪತ್ತು, ಆದರೆ ಯಾವ ನೂರಕ್ಕೆ?

ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಒಂದು ವರ್ಷ ನಮ್ಮ ಶಾಲೆಯ ಗೇಟಿಗೆ 'ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 100' ಎಂಬ ಬಟ್ಟೆಯ ಬ್ಯಾನರು ಕಟ್ಟಿಸಿ ಪೇಡೆ ಹಂಚಿದೆವು. ದಡ್ಡರೆಂದು ನಾವೇ ತೀರ್ಮಾನಿಸಿದ 14 ಹುಡುಗರನ್ನು ಒಂಬತ್ತನೆಯ ತರಗತಿಯಲ್ಲೇ ತಡೆಹಿಡಿದಿದ್ದೆವೆಂಬುದು ಬ್ಯಾನರಿನಲ್ಲಿರಲಿಲ್ಲ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪರೀಕ್ಷೆಗೆ ಕೂತವರೆಲ್ಲ ಪಾಸಾಗಿದ್ದರು. ಕೂರದ ಹಾಗೆ ಮಾಡಿದವರ ಲೆಕ್ಕವನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಆದ್ದರಿಂದ ಬಸ್ ಸ್ಟ್ಯಾಂಡಿನ ಎದುರು, ನಗುವ ಮಗುವಿನ ಚಿತ್ರದ ಪಕ್ಕದಲ್ಲಿ, 'ಯಶಸ್ಸು ಶೇಕಡಾ 70' ಎಂಬ ಬೋರ್ಡು ಕಂಡಾಗ ನನಗೆ ಆ ಬ್ಯಾನರು ನೆನಪಾಗಬೇಕಿತ್ತು. ಆಗಲಿಲ್ಲ. ನನ್ನ ತಂಗಿಯ ಮಗಳನ್ನು ಆ ಮೆಟ್ಟಿಲು ಹತ್ತಿಸಿದವನೇ ನಾನು. ಅವಳಿಗೆ ಆಗ 39. "ನೂರಕ್ಕೆ ಎಪ್ಪತ್ತು ಅಂದ್ರೆ ಫಸ್ಟ್ ಕ್ಲಾಸ್ ಅಲ್ವೇನಮ್ಮ" ಎಂದೆ.

ಎರಡು ಸಲ ಆಯಿತು. ಒಡವೆ ಬ್ಯಾಂಕಿಗೆ ಹೋಯಿತು, ಮನೆ ಕಟ್ಟಬೇಕೆಂದಿದ್ದ ಸೈಟು ಮಾರಾಟವಾಯಿತು. ಹೊಟ್ಟೆಗೆ ಚುಚ್ಚಿಸಿಕೊಂಡ ಸೂಜಿಗಳ ಲೆಕ್ಕ ಅವಳಿಗೇ ಗೊತ್ತು. ಎರಡನೆಯ ಸಲವೂ ನಿಲ್ಲದೆ ಹೋದ ದಿನ ಅವಳು ಕೇಳಿದಳು: "ಮಾವ, ಎಪ್ಪತ್ತು ಜನಕ್ಕೆ ಆಗುತ್ತಲ್ಲ, ನಾನು ಎರಡು ಸಲವೂ ಆ ಮೂವತ್ತರೊಳಗೇ ಬಿದ್ದೆ. ನನ್ನಲ್ಲೇ ಏನೋ ಪಾಪ ಇರಬೇಕು, ಅಲ್ವಾ?"

ಅಂದು ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಶೇಕಡಾ ಎಂಬುದು ಒಂದು ಭಿನ್ನರಾಶಿ. ಮೇಲಿನದು ಅಂಶ, ಕೆಳಗಿನದು ಛೇದ. ಛೇದ ಹೇಳದೆ ಶೇಕಡಾ ಹೇಳುವವನು ತಕ್ಕಡಿಯ ಒಂದು ತಟ್ಟೆಯನ್ನು ಬಚ್ಚಿಟ್ಟುಕೊಂಡಿದ್ದಾನೆ ಎಂದೇ ತಿಳಿಯಬೇಕು. ಲೆಕ್ಕಕ್ಕೆಂದು 100 ಹೆಂಗಸರನ್ನು ಇಟ್ಟುಕೊಳ್ಳೋಣ. ಎಲ್ಲರೂ ಇಂಜೆಕ್ಷನ್ ಶುರುಮಾಡುತ್ತಾರೆ. 10 ಜನಕ್ಕೆ ಅಂಡಾಣು ಸರಿಯಾಗಿ ಬೆಳೆಯದೆ ಅಲ್ಲಿಗೇ ನಿಲ್ಲುತ್ತದೆ. ಇನ್ನು 15 ಜನಕ್ಕೆ ಅಂಡಾಣು ತೆಗೆದರೂ ಗರ್ಭಕೋಶಕ್ಕೆ ಹಾಕುವಂಥ ಭ್ರೂಣ ಸಿಗುವುದಿಲ್ಲ. ಉಳಿದ 75 ಜನಕ್ಕೆ ಭ್ರೂಣ ಹಾಕುತ್ತಾರೆ. ಎರಡು ವಾರದ ಮೇಲೆ ರಕ್ತಪರೀಕ್ಷೆಯಲ್ಲಿ 36 ಜನ 'ಪಾಸಿಟಿವ್'. ಸ್ಕ್ಯಾನಿನಲ್ಲಿ ಎದೆಬಡಿತ ಕಾಣುವುದು 30 ಜನಕ್ಕೆ. ಮಗುವನ್ನು ಎತ್ತಿಕೊಂಡು ಮನೆಗೆ ಹೋಗುವವರು 25 ಜನ.

ಈಗ ಬೋರ್ಡು ಬರೆಯೋಣ. ಭ್ರೂಣ ಹಾಕಿಸಿಕೊಂಡ 75 ಛೇದ, ಪಾಸಿಟಿವ್ ಆದ 36 ಅಂಶ: ಶೇಕಡಾ 48. ಶುರುಮಾಡಿದ 100 ಛೇದ, ಹುಟ್ಟಿದ ಮಗು ಅಂಶ: ಶೇಕಡಾ 25. ಹೆಂಗಸರು ಅವರೇ, ಆಸ್ಪತ್ರೆ ಅದೇ. ವಯಸ್ಸಾದವರನ್ನು ಲೆಕ್ಕದಿಂದ ಆಚೆಗಿಟ್ಟರೆ, ಬೇರೆಯವರ ಅಂಡಾಣು ದಾನ ಪಡೆದವರನ್ನು ಸೇರಿಸಿಕೊಂಡರೆ, 48 ಇನ್ನೂ ಮೇಲೇರುತ್ತದೆ. ನಮ್ಮ ಒಂಬತ್ತನೆಯ ತರಗತಿಯ ಹುಡುಗರೇ ಇವರು!

ವಯಸ್ಸಿನ ಮಾತಂತೂ ಬಚ್ಚಿಡಲೇಬಾರದ ಮಾತು. ಹೆಂಗಸಿಗೆ ಎಷ್ಟು ವಯಸ್ಸೋ ಅವಳ ಅಂಡಾಣುವಿಗೂ ಅಷ್ಟೇ ವಯಸ್ಸು. ಹುಟ್ಟುವಾಗಲೇ ತಂದುಕೊಂಡ ಗಂಟು ಅದು. ಅಮೆರಿಕದ ವರದಿಗಳಲ್ಲಿ, ಸ್ವಂತ ಅಂಡಾಣು ಬಳಸಿದವರ ಯಶಸ್ಸು 35 ದಾಟಿದ ಮೇಲೆ ಇಳಿಯುತ್ತ ಬಂದು, 42 ದಾಟಿದವರಲ್ಲಿ ನೂರಕ್ಕೆ ಒಂದಂಕಿಗೆ ನಿಲ್ಲುತ್ತದೆ. ಇದು ಪಾಪವೂ ಅಲ್ಲ, ಕರ್ಮವೂ ಅಲ್ಲ, ದೇಹದ ಧರ್ಮ. ನನ್ನ ತಂಗಿಯ ಮಗಳು 70ರ ಆ ಗುಂಪಿನಿಂದ ಹೊರಬಿದ್ದವಳಲ್ಲ. ಆ ಗುಂಪಿನೊಳಗೆ ಅವಳು ಎಂದೂ ಇರಲೇ ಇಲ್ಲ. ಹಾಗೆಂದು ಹಣ ಕಟ್ಟಿಸಿಕೊಳ್ಳುವಾಗ ಯಾರೂ ಹೇಳಲಿಲ್ಲ.

ನಾನು ಈ ವಿದ್ಯೆಯ ವೈರಿಯಲ್ಲ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಇನ್ನೊಂದು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ನಿಜ ಹೇಳಿದವನನ್ನು ಅಂದು ನಂಬದ ನಾವು, ಇಂದು ಅದೇ ವಿದ್ಯೆಯ ಹೆಸರಿನಲ್ಲಿ ಬರೆದ ಅರ್ಧ ನಿಜವನ್ನು ಕಣ್ಣುಮುಚ್ಚಿ ನಂಬುತ್ತೇವೆ.

ಆಸೆಯೇ ಇಲ್ಲದಂತೆ ಮಾಡಬೇಡಿ ಎನ್ನುವ ವೈದ್ಯರಿದ್ದಾರೆ. ನೂರಕ್ಕೆ ಹತ್ತೂ ಆಸೆಯೇ ಸ್ವಾಮಿ. ಆದರೆ ಆ ಹತ್ತಕ್ಕೆ ಸೈಟು ಮಾರಬೇಕೇ, ಬೇಡವೇ ಎಂದು ತೀರ್ಮಾನಿಸುವ ಹಕ್ಕು ಅವಳದು. ಎಪ್ಪತ್ತೆಂದು ಹೇಳಿ ಆ ಹಕ್ಕನ್ನು ಕಸಿದುಕೊಳ್ಳುವುದು ಕರುಣೆಯಲ್ಲ, ವ್ಯಾಪಾರ.

ಅಮೆರಿಕದಲ್ಲಿ 1992ರ ಒಂದು ಕಾಯ್ದೆಯ ಪ್ರಕಾರ ಇಂಥ ಪ್ರತಿಯೊಂದು ಕೇಂದ್ರವೂ ತನ್ನ ಫಲಿತಾಂಶವನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಒಪ್ಪಿಸದವರ ಹೆಸರೂ ಪ್ರಕಟವಾಗುತ್ತದೆ. ನಮ್ಮಲ್ಲೂ 2021ರಲ್ಲಿ ಕಾಯ್ದೆ ಬಂದಿದೆ. ಚಿಕಿತ್ಸೆಗೆ ಮೊದಲು ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯ ಎಲ್ಲವನ್ನೂ ತಿಳಿಸಬೇಕೆಂದು ಅದು ಹೇಳುತ್ತದೆ. ಕೇಂದ್ರಗಳು ಮಾಹಿತಿಯನ್ನು ರಾಷ್ಟ್ರೀಯ ನೋಂದಣಿಗೆ ಕಳಿಸಬೇಕೆಂದೂ ಹೇಳುತ್ತದೆ. ಆ ಮಾಹಿತಿ ಕಡತದಲ್ಲಿ ಮಲಗಿದರೆ ಯಾರಿಗೆ ಲಾಭ? ಪ್ರತಿ ಕೇಂದ್ರದ ಬಾಗಿಲಲ್ಲಿ, ವಯಸ್ಸುವಾರು, ಛೇದಸಮೇತ, ಕನ್ನಡದಲ್ಲಿ ಅದನ್ನು ಬರೆದು ಹಾಕಲಿ.

ಅಲ್ಲಿಯವರೆಗೆ ಮೆಟ್ಟಿಲು ಹತ್ತುವವರು ಎರಡೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ: ನನ್ನ ವಯಸ್ಸಿನವರು ಇಲ್ಲಿ ಎಷ್ಟು ಜನ ಶುರುಮಾಡಿದರು? ಅವರಲ್ಲಿ ಸ್ವಂತ ಅಂಡಾಣುವಿನಿಂದ ಮಗು ಪಡೆದವರು ಎಷ್ಟು?

ಲೆಕ್ಕದ ಮೇಷ್ಟರಾಗಿ ಅವನ್ನು ಅಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದಮ್ಮ, ನಿನ್ನದಲ್ಲ.