ಗೇಟು ಇರುವುದು ತೆರೆಯಲಿಕ್ಕೆ

ಅಟ್ಟಾರಿ-ವಾಘಾ ಗಡಿಗೆ ಹೋಗಿಬಂದವರನ್ನು ಎಲ್ಲರೂ ಮೊದಲು ಕೇಳುವುದು "ಪರೇಡ್ ಹೇಗಿತ್ತು?" ಎಂದು. ಗೇಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಗೇಟೇ ಎಂಬುದು ನನ್ನ ಅಭಿಪ್ರಾಯ.

2025ರ ದಸರಾ ರಜೆಯಲ್ಲಿ ಮಾಮನ ಮನೆಯವರ ಜೊತೆ ಅಮೃತಸರಕ್ಕೆ ಹೋಗಿದ್ದೆ. ಅಲ್ಲಿಂದ ಅಟ್ಟಾರಿಗೆ ಸುಮಾರು 30 ಕಿ.ಮೀ. ಗಡಿಯಿಂದ ಲಾಹೋರ್ ಅದಕ್ಕಿಂತಲೂ ಹತ್ತಿರ. ಗೇಟಿನ ಈಚೆಗೂ ಆಚೆಗೂ ಅದೇ ಬಯಲು, ಅದೇ ಪಂಜಾಬಿ ಮಾತು. ಈ ಗೆರೆ ಎಳೆದ ಸಿರಿಲ್ ರ‍್ಯಾಡ್‌ಕ್ಲಿಫ್ ಅದಕ್ಕೆ ಮೊದಲು ಭಾರತಕ್ಕೆ ಬಂದವರೇ ಅಲ್ಲ. ಅವರಿಗೆ ಸಿಕ್ಕಿದ್ದು ಸುಮಾರು ಐದು ವಾರ. ಗೆರೆ ಎಲ್ಲಿದೆ ಎಂದು ಜನರಿಗೆ ತಿಳಿದದ್ದು 1947ರ ಆಗಸ್ಟ್ 17ರಂದು, ಅಂದರೆ ಸ್ವಾತಂತ್ರ್ಯ ಬಂದು ಎರಡು ದಿನಗಳಾದ ಮೇಲೆ!

1959ರಿಂದ ಇಲ್ಲಿ ಪ್ರತಿ ಸಂಜೆ ಧ್ವಜ ಇಳಿಸುವ ಕಾರ್ಯಕ್ರಮ ನಡೆಯುತ್ತಾ ಬಂದಿದೆ. ಈಗ ಅದು ಕ್ರಿಕೆಟ್ ಮೈದಾನದಂತಿದೆ. ಹಾಡು, ಕುಣಿತ, ಘೋಷಣೆ ಎಲ್ಲವೂ ಇವೆ. ಯೋಧರು ಹಣೆಯವರೆಗೆ ಕಾಲೆತ್ತಿ ನೆಲಕ್ಕೆ ಬಡಿಯುತ್ತಾರೆ. ಧ್ವಜಸ್ತಂಭಗಳಿಗೂ ಪೈಪೋಟಿ. 2017ರಲ್ಲಿ ನಾವು 360 ಅಡಿಯದನ್ನು ನಿಲ್ಲಿಸಿದೆವು, ಅವರು 400 ಅಡಿಯದನ್ನು ನಿಲ್ಲಿಸಿದರು. 2023ರಲ್ಲಿ ನಮ್ಮದು 418 ಅಡಿಗೆ ಏರಿತು. ಆದರೆ ಗೇಟಿನ ಬಳಿ ದಿನವೂ ಇಳಿಸುವ ಧ್ವಜಗಳ ನಿಯಮವೇ ಬೇರೆ. ಎರಡೂ ಒಟ್ಟಿಗೆ, ಒಂದೇ ವೇಗದಲ್ಲಿ ಇಳಿಯಬೇಕು. ಯಾವುದೂ ಇನ್ನೊಂದಕ್ಕಿಂತ ಕೆಳಗಾಗಬಾರದು. ಇಷ್ಟು ಗದ್ದಲದ ನಡುವೆ ನನಗೆ ಹಿಡಿಸಿದ್ದು ಈ ಮರ್ಯಾದೆ.

"ನೀನೂ ಘೋಷಣೆ ಕೂಗಿದೆಯಾ?" ಎಂದು ಊರಿಗೆ ಬಂದ ಮೇಲೆ ಒಬ್ಬರು ಕೇಳಿದರು. ಕೂಗಿದೆ, ಗಂಟಲು ಕಟ್ಟುವಷ್ಟು. ಆದರೆ ಅದು ನನ್ನ ದೇಶ ಎಂಬ ಸಂತೋಷಕ್ಕೆ ಕೂಗಿದ್ದು, ಯಾರದ್ದೋ ಪರೀಕ್ಷೆ ಪಾಸಾಗಲಿಕ್ಕಲ್ಲ.

ನಾವು ಹೋದಾಗ ಗೇಟು ತೆರೆಯಲಿಲ್ಲ. ಮೊದಲೆಲ್ಲ ಕಾರ್ಯಕ್ರಮದ ಹೊತ್ತಿಗೆ ಗೇಟು ತೆರೆದು, ಎರಡೂ ಕಡೆಯ ಯೋಧರು ಕೈ ಕುಲುಕುತ್ತಿದ್ದರು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಅದು ನಿಂತಿತು. ಆ ದಾಳಿಯಲ್ಲಿ 26 ಜನ ಸತ್ತರು. ಅವರಲ್ಲಿ ನಮ್ಮ ಕನ್ನಡಿಗರೂ ಇದ್ದರು, ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಆ ಸಿಟ್ಟು ನ್ಯಾಯವಾದದ್ದು. ಕೈ ಕುಲುಕದಿದ್ದರೆ ಯಾರಿಗೂ ನಷ್ಟವಿಲ್ಲ.

ನಷ್ಟವಾಗುವುದು ಗೇಟು ದಾಟಬೇಕಾದವರಿಗೆ. ವೀಸಾ ರದ್ದಾದಾಗ ಅಟ್ಟಾರಿಯಲ್ಲಿ ತಾಯಿಯದೊಂದು ಪಾಸ್‌ಪೋರ್ಟ್, ಮಕ್ಕಳದೊಂದು ಪಾಸ್‌ಪೋರ್ಟ್ ಆಗಿ, ಕುಟುಂಬಗಳು ಗೇಟಿನ ಮುಂದೆಯೇ ಬೇರೆಯಾದವು. ಇದು ಪಂಜಾಬಿನ ಕಥೆ ಮಾತ್ರವಲ್ಲ. ಕರಾಚಿಯೊಂದಿಗೆ ಹಳೆಯ ಮದುವೆ ಸಂಬಂಧವಿರುವ ಮನೆಗಳು ನಮ್ಮ ಕರಾವಳಿಯಲ್ಲೂ ಇವೆ. ನಮ್ಮ ಬೀದಿಯ ಒಬ್ಬ ಅಜ್ಜಿ ತನ್ನ ತಂಗಿಯ ಮಯ್ಯಿತ್‌ನ ಮುಖ ನೋಡಿದ್ದು ವಿಡಿಯೊ ಕರೆಯಲ್ಲಿ. ಸಿಗ್ನಲ್ ಹೋಗಿ ಬರುತ್ತಿತ್ತು. ಆ ಅಜ್ಜಿಯಿಂದ ದೇಶಕ್ಕೆ ಏನು ಅಪಾಯ?

"ಭದ್ರತೆ ಮುಖ್ಯವಲ್ಲವೇ?" ಎಂದು ಕೇಳಬಹುದು. ಖಂಡಿತ ಮುಖ್ಯ. ಆದರೆ ಕೊಲ್ಲಲು ಬರುವವನು ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಲ್ಲುವುದಿಲ್ಲ. ಯಾರೂ ದಾಟಬಾರದು ಎಂದಿದ್ದರೆ ಗೋಡೆ ಕಟ್ಟಿದರೆ ಸಾಕಿತ್ತು. ಗೇಟು ಇಟ್ಟು ಕಾವಲು ಹಾಕುವುದೇ ಪರಿಶೀಲಿಸಿ ಒಳಗೆ ಬಿಡಲಿಕ್ಕೆ.

ಎರಡೂ ಸರ್ಕಾರಗಳಿಗೆ ಇದು ಗೊತ್ತಿದೆ. 2019ರ ಮಾರ್ಚ್ 1ರಂದು ವಿಂಗ್ ಕಮಾಂಡರ್ ಅಭಿನಂದನ್ ಮರಳಿದ್ದು ಇದೇ ದಾರಿಯಲ್ಲಿ. 2025ರ ಮೇ 10ರಂದು ಗುಂಡಿನ ಸದ್ದು ನಿಂತಿತು. ನಾಲ್ಕೇ ದಿನಕ್ಕೆ ಪಾಕಿಸ್ತಾನ ನಮ್ಮ ಬಿಎಸ್‌ಎಫ್ ಯೋಧನೊಬ್ಬನನ್ನು ಒಪ್ಪಿಸಿತು, ನಾವು ಅವರ ರೇಂಜರ್ ಒಬ್ಬನನ್ನು ಒಪ್ಪಿಸಿದೆವು. 2008ರ ಒಪ್ಪಂದದಂತೆ ವರ್ಷಕ್ಕೆರಡು ಬಾರಿ, ಜನವರಿ 1 ಮತ್ತು ಜುಲೈ 1ರಂದು, ಎರಡೂ ದೇಶಗಳು ತಮ್ಮಲ್ಲಿರುವ ಕೈದಿಗಳ ಪಟ್ಟಿ ಕೊಟ್ಟುಕೊಳ್ಳುತ್ತವೆ. 2025ರ ಜುಲೈಯಲ್ಲೂ ಅದು ತಪ್ಪಲಿಲ್ಲ. ಆ ಪಟ್ಟಿಗಳಲ್ಲಿ ಮೀನುಗಾರರ ಹೆಸರುಗಳೂ ಇರುತ್ತವೆ. ಸಮುದ್ರದಲ್ಲಿ ಗೆರೆ ಕಾಣುವುದಿಲ್ಲ ಎಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಯೋಧರಿಗೆ ತೆರೆಯುವ ಗೇಟು ಸಾಮಾನ್ಯರಿಗೂ ತೆರೆಯಲಿ ಎಂಬುದಷ್ಟೇ ನನ್ನ ಕೋರಿಕೆ. ಮಕ್ಕಳಿಂದ ದೂರವಾದ ತಾಯಿ, ಚಿಕಿತ್ಸೆಗೆ ಬರುವ ರೋಗಿ, ಸಾವಿಗೆ ಹೋಗಬೇಕಾದ ರಕ್ತ ಸಂಬಂಧಿ, ಶಿಕ್ಷೆ ಮುಗಿಸಿದ ಮೀನುಗಾರ, ಈ ನಾಲ್ವರಿಗೆ ಎಂಥ ಕೆಟ್ಟ ಕಾಲದಲ್ಲೂ ದಾರಿ ಇರಬೇಕು. ಎಷ್ಟು ಬೇಕಾದರೂ ತಪಾಸಣೆ ಮಾಡಲಿ.

ಸ್ನೇಹಿತರೇ, ನೀವು ಅಮೃತಸರಕ್ಕೆ ಹೋದರೆ ಪರೇಡ್ ನೋಡಿ, ಘೋಷಣೆಯನ್ನೂ ಕೂಗಿ. ಅದೇ ದಿನ ಬೆಳಿಗ್ಗೆ ಟೌನ್ ಹಾಲ್‌ನಲ್ಲಿರುವ ದೇಶ ವಿಭಜನೆಯ ಮ್ಯೂಸಿಯಂಗೂ ಒಂದು ಗಂಟೆ ಕೊಡಿ. ಮನೆ ಬಿಟ್ಟು ಹೊರಟವರು ಹೊತ್ತು ತಂದ ಸಾಮಾನುಗಳು ಅಲ್ಲಿವೆ. ಅವನ್ನು ನೋಡಿ ಗಡಿಗೆ ಹೋದವರ ಕಣ್ಣು ಯೋಧರ ಕಾಲಿನ ಮೇಲಷ್ಟೇ ಅಲ್ಲ, ಗೇಟಿನ ಚಿಲಕದ ಮೇಲೂ ಬೀಳುತ್ತದೆ.