ಅಯೋನೈಸರ್ ರಿವ್ಯೂ ನೋಡಿ ದುಡ್ಡು ಕಟ್ಟೋಕೆ ಮುಂಚೆ

ಟೊಮೇಟೊ ಎಲೆ ಮುದುರು ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕೆ ಇರಲಿ. ಈ ತಿಂಗಳು ಐದಾರು ಜನ ಫೋನ್ ಮಾಡಿ ಒಂದೇ ಮಾತು ಕೇಳಿದ್ರು. ಆಲ್ಕಲೈನ್ ನೀರಿನ ಮಿಷನ್ನು, ವಾಟರ್ ಅಯೋನೈಸರ್ ಅಂತಾರಲ್ಲ, ಅದನ್ನ ಮನೆಗೆ ಹಾಕಿಸಬಹುದಾ, ರಿವ್ಯೂ ಎಲ್ಲಾ ಚೆನ್ನಾಗಿದೆಯಲ್ಲಾ ಅಂತ. ಅದರಲ್ಲಿ ಇಬ್ಬರು ಅಡ್ವಾನ್ಸ್ ಕೊಡೋಕೆ ತಯಾರಾಗಿ ಕೂತಿದ್ರು. ಬೆಲೆ ಕೇಳಿದೆ, ಎರಡು ಲಕ್ಷದ ಹತ್ತಿರ. ಎರಡು ಒಳ್ಳೆ ಎಚ್.ಎಫ್. ಹಸುವಿನ ದುಡ್ಡು ಅದು. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿಗೆ ಈ ಮಿಷನ್ನು ತಗೊಳ್ಳೋಕೆ ನನಗೆ ಒಂದು ಕಾರಣವೂ ಕಾಣಲ್ಲ. ನೀವು ಓದ್ತಿರೋ ರಿವ್ಯೂಗಳಲ್ಲಿ ಬಹುಪಾಲು ರಿವ್ಯೂಗಳೇ ಅಲ್ಲ.

ಮಿಷನ್ನು ಏನು ಮಾಡುತ್ತೆ ಅಂತ ತಿಳ್ಕೊಂಡ್ರೆ ಅರ್ಧ ರಿವ್ಯೂ ತಾನಾಗೇ ಬಿದ್ದು ಹೋಗುತ್ತೆ. ಒಳಗೆ ಟೈಟಾನಿಯಂ ತಗಡುಗಳು, ಮೇಲೆ ಪ್ಲಾಟಿನಂ ಲೇಪ. ಅದಕ್ಕೆ ಡಿಸಿ ಕರೆಂಟ್ ಕೊಡ್ತಾರೆ, ಮಧ್ಯೆ ಒಂದು ಪೊರೆ ಇರುತ್ತೆ. ಒಂದು ಕಡೆ ಕ್ಷಾರದ ನೀರು ಬರುತ್ತೆ, ಇನ್ನೊಂದು ಕಡೆ ಆಮ್ಲದ ನೀರು. ಕ್ಷಾರದ ಕಡೆ ಒಂದಿಷ್ಟು ಹೈಡ್ರೋಜನ್ ಗ್ಯಾಸೂ ಕರಗಿರುತ್ತೆ. ಅಷ್ಟೇ ಕೆಲಸ. ಮುಂದೆ ಕೂರಿಸಿರೋ ಇದ್ದಿಲ ಫಿಲ್ಟರ್ ಕ್ಲೋರಿನ್ ವಾಸನೆ ತೆಗೆಯೋಕೆ ಸರಿ, ಫ್ಲೋರೈಡ್, ನೈಟ್ರೇಟ್ ತೆಗೆಯೋಕೆ ಅಲ್ಲ. ಅಂದ್ರೆ ಇದು ನೀರಿನ ಪಿ.ಎಚ್. ಏರಿಸೋ ಯಂತ್ರ, ನೀರು ಶುದ್ಧ ಮಾಡೋ ಯಂತ್ರ ಅಲ್ಲ. ಯಾವ ರಿವ್ಯೂನಲ್ಲಿ ಈ ಎರಡನ್ನ ಒಂದೇ ಅನ್ನೋ ಹಾಗೆ ಬರೆದಿದ್ದಾರೋ ಅದನ್ನ ಅಲ್ಲಿಗೇ ಮುಚ್ಚಿಡಿ.

ಈಗ ಆ ಡೆಮೋ ವಿಡಿಯೋ. ಹತ್ತು ರಿವ್ಯೂ ವಿಡಿಯೋ ನೋಡಿದ್ರೆ ಎಂಟರಲ್ಲಿ ಇದೇ ಇರುತ್ತೆ. ಮಾರ್ಕೆಟ್ಟಿಂದ ತಂದ ಟೊಮೇಟೊನ ಪಿ.ಎಚ್. 11ರ ಮೇಲಿನ ನೀರಲ್ಲಿ ಹಾಕ್ತಾರೆ. ಸ್ವಲ್ಪ ಹೊತ್ತಿಗೆ ನೀರು ಹಳದಿ. "ನೋಡಿ, ನೀವು ತಿನ್ನೋ ವಿಷ ಇದು, ಔಷಧಿಯೆಲ್ಲಾ ಬಿಟ್ಕೊಳ್ತು" ಅಂತಾರೆ. ಬೆಂಗಳೂರಿನವರು ಹೆದರ್ತಾರೆ, ಸರಿ. ನಾವೂ ಹೆದರೋದಾ? ಟೊಮೇಟೊ ಗಿಡಕ್ಕೆ ದಾರ ಕಟ್ಟಿ, ಪಕ್ಕದ ಕುಡಿ ಮುರಿದು ಸಂಜೆ ಮನೆಗೆ ಬಂದಾಗ ನಮ್ಮ ಕೈ ಹೆಂಗಿರುತ್ತೆ? ಹಸಿರು, ಕಪ್ಪು, ಜಿಗುಟು. ಸೋಪು ಹಾಕಿ ಉಜ್ಜಿದ್ರೆ ನೊರೆಯೆಲ್ಲಾ ಹಳದಿ. ಔಷಧಿ ಹೊಡೆಯದ ಗಿಡ ಮುಟ್ಟಿದ್ರೂ ಹಾಗೇ ಆಗುತ್ತೆ, ಅದು ಗಿಡದ ರೋಮದಲ್ಲಿರೋ ಅಂಟು. ಸೋಪೂ ಕ್ಷಾರವೇ. ಟೊಮೇಟೊ ಸಿಪ್ಪೆಯಲ್ಲಿ ಇರೋ ಬಣ್ಣದ ಪದಾರ್ಥವೂ ಕ್ಷಾರದಲ್ಲಿ ಹಳದಿಯಾಗಿ ಎದ್ದು ಕಾಣುತ್ತೆ. ಆರತಿ ನೀರಿಗೆ ಅರಿಶಿನ ಕಲಸಿ ಚಿಟಿಕೆ ಸುಣ್ಣ ಹಾಕಿದ್ರೆ ಕೆಂಪಾಗಲ್ವಾ? ಅರಿಶಿನದಿಂದ ವಿಷ ಹೊರಗೆ ಬಂತು ಅಂತ ನಮ್ಮಜ್ಜಿ ಯಾವತ್ತೂ ಹೇಳಲಿಲ್ಲ. ಡೆಮೋ ಮಾಡೋಕೆ ಬಂದವನಿಗೆ ನಿಮ್ಮ ಹಿತ್ತಲಿನ, ಒಂದು ಹನಿ ಔಷಧಿ ಕಾಣದ ಟೊಮೇಟೊ ಕೊಟ್ಟು "ಇದನ್ನ ಹಾಕಪ್ಪ" ಅನ್ನಿ. ಪಾತ್ರೆಗಿಂತ ಅವನ ಮುಖ ನೋಡಿ.

ತಣ್ಣೀರಲ್ಲಿ ಟೀ ಬ್ಯಾಗ್ ಹಾಕಿ ಬೇಗ ಬಣ್ಣ ಬಿಡೋದು, ಎಣ್ಣೆ ಬೆರೆಯೋದು, ಹನಿ ಹಾಕಿದ್ರೆ ನೀರು ನೀಲಿ ನೇರಳೆ ಆಗೋದು, ಎಲ್ಲಾ ಇದೇ ಜಾತಿ. ಪಿ.ಎಚ್. ಏರಿದೆ ಅಂತ ತೋರಿಸುತ್ತೆ. ಆರೋಗ್ಯದ ಬಗ್ಗೆ ಏನೂ ತೋರಿಸಲ್ಲ. ಹೊಟ್ಟೆಯ ಆಮ್ಲದ ಪಿ.ಎಚ್. ಒಂದೂವರೆಯಿಂದ ಮೂರೂವರೆ ಒಳಗೆ. ರಕ್ತದ್ದು 7.35ರಿಂದ 7.45, ಅದನ್ನ ಶ್ವಾಸಕೋಶ, ಮೂತ್ರಪಿಂಡ ಹಗಲೂ ರಾತ್ರಿ ಕಾಯ್ತಾ ಇರ್ತವೆ. ಒಂದು ಲೋಟ ನೀರು ಕುಡಿದು ರಕ್ತ ಕ್ಷಾರ ಮಾಡೋಕಾಗಲ್ಲ.

"ಇದಕ್ಕೆ ನೊಬೆಲ್ ಬಂದಿದೆ" ಅಂತ ಬರೆದ ರಿವ್ಯೂ ಕೂಡ ಸಿಗ್ತವೆ. ಜರ್ಮನಿಯ ಆಟೋ ವಾರ್ಬರ್ಗ್ ಹೆಸರು ಹೇಳ್ತಾರೆ. ಅವರಿಗೆ 1931ರಲ್ಲಿ ನೊಬೆಲ್ ಬಂದಿದ್ದು ನಿಜ. ಬಂದಿದ್ದು ಜೀವಕೋಶಗಳ ಉಸಿರಾಟಕ್ಕೆ ಸಂಬಂಧಪಟ್ಟ ಕಿಣ್ವದ ಕೆಲಸಕ್ಕೆ, ಕ್ಷಾರದ ನೀರಿಗಲ್ಲ. "ಜಪಾನ್ ಸರ್ಕಾರದ ಒಪ್ಪಿಗೆ ಇದೆ" ಅನ್ನೋದು ಅರ್ಧ ನಿಜ. ಅಲ್ಲಿ ಇಂಥ ಯಂತ್ರಗಳನ್ನ ಮನೆಬಳಕೆಯ ವೈದ್ಯಕೀಯ ಸಾಧನ ಅಂತ ಒಪ್ಪಿರೋದು ಹೊಟ್ಟೆ ಕರುಳಿನ ಸಣ್ಣಪುಟ್ಟ ತೊಂದರೆಗೆ ಮಾತ್ರ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮಂಡಿ ನೋವು ಇವೆಲ್ಲಾ ಆ ಒಪ್ಪಿಗೆಯಲ್ಲಿ ಇಲ್ಲ. ಇವು ಇಲ್ಲಿ ಸೇರಿಸಿದ್ದು.

ಈಗ ಬರಹದ ರಿವ್ಯೂಗೆ ಬರೋಣ. ನಾವು ಹೊಸ ಟಾನಿಕ್ ಬಾಟಲಿ ಬಂದ್ರೆ ಏನು ಮಾಡ್ತೀವಿ? ಎರಡು ಸಾಲು ಬಿಟ್ಟು ಹೊಡೀತೀವಿ. ಬಿಟ್ಟ ಸಾಲೂ ಅಷ್ಟೇ ಚೆನ್ನಾಗಿದ್ರೆ ಅದು ಮಳೆಯ ಕೆಲಸ, ಬಾಟಲಿಯದ್ದಲ್ಲ. ಅಯೋನೈಸರ್ ರಿವ್ಯೂಗಳಲ್ಲಿ ಆ ಬಿಟ್ಟ ಸಾಲೇ ಇಲ್ಲ. "ಹದಿನೈದು ದಿನಕ್ಕೆ ಗ್ಯಾಸ್ಟ್ರಿಕ್ ಹೋಯ್ತು" ಅಂತ ಬರೀತಾರೆ. ಮಿಷನ್ನು ಬಂದ ದಿನದಿಂದ ಕಾಫಿ ಬಿಟ್ಟಿದ್ದಾರೆ, ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಕುಡೀತಿದ್ದಾರೆ, ರಾತ್ರಿ ಊಟ ಬೇಗ ಮುಗಿಸ್ತಿದ್ದಾರೆ. ಅದೇ ಕೆಲಸವನ್ನ ಮಣ್ಣಿನ ಗಡಿಗೆ ಇಟ್ಕೊಂಡು ಮಾಡಿದ್ರೆ ಆಗ್ತಿರಲಿಲ್ವಾ? ಮಂಡಿ ನೋವು ಕೂಡ ಏರುತ್ತೆ, ಇಳಿಯುತ್ತೆ. ಏರಿದಾಗ ಮಿಷನ್ನು ತಗೊಳ್ತಾರೆ, ತಾನಾಗೇ ಇಳಿದಾಗ ರಿವ್ಯೂ ಬರೀತಾರೆ.

ಆನ್‌ಲೈನ್ ಅಂಗಡಿಯ ರಿವ್ಯೂ ಓದುವಾಗ ನಾನು ಮೊದಲು ತಾರೀಖು ನೋಡ್ತೀನಿ. ಮೂರು ತಿಂಗಳು ಒಂದೂ ಇಲ್ಲ, ಆಮೇಲೆ ಒಂದೇ ವಾರದಲ್ಲಿ ನಲವತ್ತು, ಎಲ್ಲಾ ಐದು ಸ್ಟಾರ್. ಅನುಮಾನ ಪಡಲೇಬೇಕು. ಎರಡನೇದು ಭಾಷೆ. "ಈ ಉತ್ಪನ್ನವು ನನ್ನ ಜೀವನವನ್ನು ಬದಲಾಯಿಸಿತು, ನಾನು ಇದನ್ನು ಹೆಚ್ಚು ಶಿಫಾರಸು ಮಾಡುತ್ತೇನೆ" ಅಂತ ನಮ್ಮ ಕಡೆ ಯಾರು ಮಾತಾಡ್ತಾರೆ ಹೇಳಿ. ಹಳೇ ರಿವ್ಯೂಗಳಿಗೆ ಇಳಿದು ನೋಡಿ, ಕೆಲವು ಕಡೆ "ಸೀಟಿ ಚೆನ್ನಾಗಿ ಹೊಡೆಯುತ್ತೆ, ಅನ್ನ ಬೇಗ ಆಗುತ್ತೆ" ಅಂತ ಇರುತ್ತೆ. ಬೇರೆ ಸಾಮಾನಿನ ಹಳೇ ಪುಟಕ್ಕೆ ಹೊಸ ಸಾಮಾನು ಅಂಟಿಸಿ, ಆ ಸ್ಟಾರ್‌ಗಳನ್ನ ಹಾಗೇ ಉಳಿಸ್ಕೊಂಡಿರ್ತಾರೆ. "ಖರೀದಿ ದೃಢಪಟ್ಟಿದೆ" ಅನ್ನೋ ಗುರುತನ್ನೂ ಪೂರ್ತಿ ನಂಬಬೇಡಿ. ಮೊದಲು ಕೊಳ್ಳಿಸಿ, ರಿವ್ಯೂ ಹಾಕಿದ ಮೇಲೆ ದುಡ್ಡು ವಾಪಸ್ ಕೊಡೋ ದಂಧೆ ಇದೆ. ಬೈದು ಬರೆದಿದ್ದೆಲ್ಲಾ ಸತ್ಯ ಅಂತಲೂ ಅಲ್ಲ, ಎದುರು ಕಂಪನಿಯವರೂ ಬರೆಸ್ತಾರೆ. "ಟಾಪ್ ಐದು ಅಯೋನೈಸರ್" ಅಂತ ಹೋಲಿಕೆ ಮಾಡೋರಿಗೆ ಆ ಐದರಲ್ಲಿ ನೀವು ಯಾವುದನ್ನ ಒತ್ತಿ ಕೊಂಡ್ರೂ ಕಮಿಷನ್ ಸಿಗೋ ಏರ್ಪಾಡು ಇರಬಹುದು. ಅದಕ್ಕೇ "ಯಾವುದೂ ಬೇಡ" ಅನ್ನೋ ಆರನೇ ಉತ್ತರ ಅಲ್ಲಿ ಬರಲ್ಲ.

ನಾನು ಹುಡುಕೋದು ಮೂರು ಸ್ಟಾರ್ ರಿವ್ಯೂ, ಅದೂ ಒಂದು ವರ್ಷ ಬಳಸಿದವರದ್ದು. ಅಲ್ಲಿ ಫಿಲ್ಟರ್ ಬೆಲೆ, ಸರ್ವಿಸ್‌ಗೆ ಎಷ್ಟು ದಿನ ಕಾಯಿಸಿದ್ರು, ತಗಡಿಗೆ ಬಿಳಿ ಕಟ್ಟಿದ್ದು, ಇವೆಲ್ಲಾ ಇರುತ್ತೆ. ಬಿಳಿ ಕಟ್ಟೋ ಮಾತು ನಮಗೆ ಮುಖ್ಯ. ಗಡಸು ನೀರಿನ ಪಿ.ಎಚ್. ಏರಿಸಿದ್ರೆ ಸುಣ್ಣ ಬೇರೆಯಾಗಿ ತಗಡಿಗೆ ಕೂರುತ್ತೆ. ಡ್ರಿಪ್ ಲ್ಯಾಟರಲ್ ಕಟ್ಟಿಕೊಂಡಾಗ ನಾವು ಆಸಿಡ್ ಬಿಡೋದು ಯಾಕೆ? ಪಿ.ಎಚ್. ಇಳಿಸಿ ಅದೇ ಸುಣ್ಣ ಕರಗಿಸೋಕೆ. (ಔಷಧಿ ಹೊಡೆಯೋ ಡ್ರಮ್ಮಿಗೆ ಪಿ.ಎಚ್. ಇಳಿಸೋ ಬಾಟಲಿಗೂ ದುಡ್ಡು ಕೊಡ್ತೀವಿ, ಕುಡಿಯೋ ನೀರಿಗೆ ಏರಿಸೋಕೆ ಎರಡು ಲಕ್ಷ!) ಸರಿ, ಆರ್.ಓ. ನೀರು ಕೊಡೋಣ ಅಂದ್ರೆ ಅದರಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಸರಿಯಾಗಿ ಹರಿಯಲ್ಲ, ಪಿ.ಎಚ್. ಏರೋದೂ ಕಷ್ಟ. ಬೆಂಗಳೂರಲ್ಲಿ ಕಾವೇರಿ ನೀರಿಗೆ ಹಾಕಿಸ್ಕೊಂಡವನು ಪ್ರಾಮಾಣಿಕವಾಗಿ ಐದು ಸ್ಟಾರ್ ಕೊಟ್ಟಿದ್ರೂ ಸಾವಿರ ಅಡಿ ಬೋರ್‌ವೆಲ್ ಮನೆಗೆ ಅದು ಉಪಯೋಗಕ್ಕೆ ಬರಲ್ಲ. ಅವನ ನೀರೇ ಬೇರೆ.

ನಿಜವಾದ ಅಪಾಯ ಇನ್ನೂ ಮುಂದಿದೆ. ನಮ್ಮ ಕಡೆ ಕೊರಗು ಫ್ಲೋರೈಡಿನದ್ದು. ಕೋಲಾರ, ಬಾಗೇಪಲ್ಲಿ, ಪಾವಗಡ, ಎಲ್ಲಾ ಕಡೆ ಕೇಳಿದ್ದೇವೆ, ಮಕ್ಕಳ ಹಲ್ಲಲ್ಲಿ ನೋಡಿದ್ದೇವೆ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ರೆ 1.5ರವರೆಗೆ. ಹೆಚ್ಚು ಫ್ಲೋರೈಡ್ ವರ್ಷಗಟ್ಟಲೆ ಒಳಗೆ ಹೋದ್ರೆ ಕೀಲು ನೋವು, ಬೆನ್ನು ಬಿಗಿತ ಬರುತ್ತೆ. ಈಗ ಲೆಕ್ಕ ಹಾಕಿ. ನಿಮ್ಮ ಬೋರ್‌ವೆಲ್ಲಲ್ಲಿ 2 ಮಿಲಿಗ್ರಾಂ ಇದೆ ಅನ್ನಿ. ದಿನಕ್ಕೆ 2 ಲೀಟರ್ ಕುಡಿದ್ರೆ 4 ಮಿಲಿಗ್ರಾಂ. ಮಂಡಿ ನೋವು ಹೋಗುತ್ತೆ ಅಂತ ರಿವ್ಯೂ ನಂಬಿ ಇದ್ದಿಲ ಫಿಲ್ಟರ್ ಮಾತ್ರ ಇರೋ ಮಿಷನ್ನಿನ ನೀರನ್ನ 4 ಲೀಟರ್ ಕುಡಿದ್ರೆ 8 ಮಿಲಿಗ್ರಾಂ ಹತ್ತಿರ. ಯಾವ ನೋವಿಗೆ ಔಷಧಿ ಅಂತ ಕುಡಿದರೋ ಅದಕ್ಕೇ ಗೊಬ್ಬರ ಹಾಕಿದ ಹಾಗೆ. ಅದೇ ಐಎಸ್ 10500ರಲ್ಲಿ ಪಿ.ಎಚ್. 6.5ರಿಂದ 8.5ರ ಒಳಗೆ ಅಂತ ಇದೆ, ಸಡಿಲಿಕೆ ಇಲ್ಲ. ಇವರು ಕುಡಿಯಿರಿ ಅನ್ನೋದು ಒಂಬತ್ತು, ಒಂಬತ್ತೂವರೆ.

ಇನ್ನೊಂದು, ಸಕ್ಕರೆ ಮಾತ್ರೆ ಬಿಟ್ಟೆ ಅಂತ ಬರೆದ ರಿವ್ಯೂ ನೋಡಿ ಯಾರೂ ಮಾತ್ರೆ ಬಿಡಬೇಡಿ. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಈ ನೀರು ಮುಟ್ಟಲೇಬೇಡಿ.

ಕೊನೆಗೆ ಕಷ್ಟದ ಮಾತು, ನಮ್ಮವರದ್ದೇ ರಿವ್ಯೂ. ಕೊಂಡವನೇ ಮಾರೋನೂ ಆಗೋ ಪದ್ಧತಿಯಲ್ಲಿ ಈ ಮಿಷನ್ನುಗಳು ಓಡ್ತವೆ. ನೆಂಟರು, ಡೈರಿ ಹತ್ತಿರ ದಿನಾ ಸಿಗೋರು, ಸಂಘದವರು ಬಂದು ಹೇಳ್ತಾರೆ. ಅವರು ಸುಳ್ಳುಗಾರರಲ್ಲ, ಅದು ನಂಗೂ ಗೊತ್ತು. ಆದ್ರೆ ಸಂತೆಯಲ್ಲಿ ಲಕ್ಷ ಕೊಟ್ಟು ತಂದ ಹಸು ಹಾಲು ಕಡಿಮೆ ಅಂತ ಯಾರಾದ್ರೂ ಮೊದಲ ತಿಂಗಳೇ ಒಪ್ಕೊಳ್ತಾರಾ? ಅದರ ಮೇಲೆ ಇನ್ನೊಬ್ಬರಿಗೆ ಕೊಡಿಸಿದ್ರೆ ತಾನು ಹಾಕಿದ ದುಡ್ಡು ವಾಪಸ್ ಬರುತ್ತೆ ಅಂದ್ರೆ ಕೇಳೋದೇ ಬೇಡ. ಹಂಗಾಗಿ ಯಾರೇ ಬಂದ್ರೂ ಮರ್ಯಾದೆಯಿಂದಲೇ ಕೇಳಿ, "ನಾನು ತಗೊಂಡ್ರೆ ನಿಂಗೆ ಎಷ್ಟು ಬರುತ್ತೆ?" ಅಂತ. ಹೇಳೋಕೆ ಹಿಂಜರಿದ್ರೆ ಅದೇ ಉತ್ತರ. ಜನ ಸೇರಿಸಿದ್ದಕ್ಕೇ ದುಡ್ಡು ಅಂದ್ರಂತೂ ಎದ್ದು ಬನ್ನಿ, 2021ರ ನೇರ ಮಾರಾಟ ನಿಯಮದಲ್ಲಿ ಪಿರಮಿಡ್ ಸ್ಕೀಮ್ ನಿಷೇಧ.

ಕಾನೂನು ಇಷ್ಟಕ್ಕೇ ನಿಂತಿಲ್ಲ. ಮಾರೋನು ಗ್ರಾಹಕನ ವೇಷ ಹಾಕಿ ರಿವ್ಯೂ ಬರೆಯೋ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತೆ. ದುಡ್ಡಿನ ಸಂಬಂಧ ಇಟ್ಕೊಂಡು ಹೊಗಳೋರು ಅದನ್ನ ಬಾಯಿಬಿಟ್ಟು ಹೇಳಬೇಕು ಅಂತ 2022ರ ಮಾರ್ಗಸೂಚಿ ಇದೆ. ರಿವ್ಯೂಗಳಿಗೇ ಅಂತ ಬಿಐಎಸ್ 2022ರಲ್ಲಿ ಐಎಸ್ 19000 ಅನ್ನೋ ಮಾನಕ ತಂತು, ಆದ್ರೆ ಅದನ್ನ ಇಷ್ಟ ಇದ್ದೋರು ಪಾಲಿಸೋ ಹಾಗೆ ಮಾಡಿದ್ರು. ಆಗಲೇ ದುಡ್ಡು ಕಟ್ಟಿ ಸಿಕ್ಕಿಹಾಕಿಕೊಂಡಿರೋರು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ರಸೀದಿ, ವಾಟ್ಸಾಪ್ ಮೆಸೇಜ್ ಅಳಿಸಬೇಡಿ.

ಹಾಗಾದ್ರೆ ಕುಡಿಯೋಕೆ ಏನು ಮಾಡೋದು ಅಂತೀರಾ. ಮೊದಲು ನಿಮ್ಮ ನೀರಲ್ಲಿ ಏನಿದೆ ಅಂತ ಟೆಸ್ಟ್ ಮಾಡಿಸಿ. ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿ.ಡಿ.ಎಸ್. ಈ ನಾಲ್ಕು ಸಾಕು ಶುರುವಿಗೆ. ಫ್ಲೋರೈಡ್ ಜಾಸ್ತಿ ಇದ್ರೆ ಊರಿನ ಶುದ್ಧ ನೀರಿನ ಘಟಕದ ಕ್ಯಾನು, ಅಥವಾ ಮನೆಗೆ ಸಾಧಾರಣ ಆರ್.ಓ., ಅಥವಾ ಚಾವಣಿಯ ಮಳೆ ನೀರು ಶೋಧಿಸಿ ಇಟ್ಕೊಳ್ಳೋದು. ಈ ನಾಲ್ಕೂ ಮಿತಿಯೊಳಗೆ ಇದ್ರೆ ಕಾಯಿಸಿ ಕುಡಿದ್ರೂ ಆಯ್ತು.

ಬರೋ ಮಂಗಳವಾರ ನಾನು ಕೋಲಾರಕ್ಕೆ ಹೋಗ್ತಿದ್ದೀನಿ, ಕುಡಿಯೋ ನೀರಿನ ಲ್ಯಾಬಿಗೆ ನಮ್ಮ ಬೋರ್‌ವೆಲ್ ನೀರು ಕೊಡೋದಿದೆ. ಕೊಡಬೇಕು ಅನ್ನೋರು ಸೋಮವಾರ ಸಂಜೆ ಒಳಗೆ ಒಂದು ಲೀಟರ್ ಬಾಟಲಿ ತಂದುಕೊಡಿ. ಮೋಟಾರು ಹತ್ತು ನಿಮಿಷ ಓಡಿಸಿದ ಮೇಲೆ ಹಿಡೀರಿ, ಬಾಟಲಿನ ಅದೇ ನೀರಲ್ಲಿ ಎರಡು ಸಲ ತೊಳೀರಿ, ಹೆಸರು, ಊರು, ಬೋರ್‌ವೆಲ್ ಎಷ್ಟು ಅಡಿ ಅಂತ ಬರೆದು ಅಂಟಿಸಿ. ಪೆಪ್ಸಿ ಬಾಟಲಿ ತರಬೇಡಿ, ಹೋದ ಸಲ ಒಬ್ಬರ ಸ್ಯಾಂಪಲ್ಲಲ್ಲಿ ಕಿತ್ತಳೆ ವಾಸನೆ ಬರ್ತಿತ್ತು.